ಅನಂತರಾವಕಾಶ: ಗಡಿನಾಡಿನ ಒಂಬತ್ತನೆಯ ತರಗತಿಯೊಂದರ ಪ್ರಕರಣ ಅಧ್ಯಯನ

2023ರ ಜುಲೈ ತಿಂಗಳ ಒಂದು ಮಧ್ಯಾಹ್ನ, ಮಳೆ ಹಿಡಿದು ಮೂರು ದಿನವಾಗಿದ್ದ ಹೊತ್ತಿನಲ್ಲಿ, ಒಂಬತ್ತನೆಯ ತರಗತಿಯ ಹುಡುಗನೊಬ್ಬ ಪ್ಲಾಸ್ಟಿಕ್ ಲಕೋಟೆಯೊಳಗೆ ಮಡಚಿಟ್ಟಿದ್ದ ಚೀಟಿಯೊಂದನ್ನು ತಂದು ನನ್ನ ಮೇಜಿನ ಮೇಲಿಟ್ಟ. ಅವನ ಅಜ್ಜ ತೀರಿಕೊಂಡ ಮೇಲೆ ಜಾಗದ ದಾಖಲೆಗಳನ್ನು ಅಜ್ಜಿಯ ಹೆಸರಿಗೆ ಮಾಡಿಸಿಕೊಳ್ಳಲು ಮನೆಯವರು ಓಡಾಡುತ್ತಿದ್ದರು; ಬೇಕಾದ ಕಾಗದಗಳ ಪಟ್ಟಿಯನ್ನು ಕಚೇರಿಯಲ್ಲಿ ಯಾರೋ ಮಲಯಾಳದಲ್ಲಿ ಗೀಚಿ ಕೊಟ್ಟಿದ್ದರು. ಪಟ್ಟಿಯ ಮೂರನೆಯ ಸಾಲಿನಲ್ಲಿ ‘ಅನಂತರಾವಕಾಶ ಸರ್ಟಿಫಿಕೆಟ್’ ಎಂದಿತ್ತು. ಹುಡುಗ ಅದನ್ನು ಮನೆಯಲ್ಲಿ ಕೂಡಿಸಿ ಕೂಡಿಸಿ ಓದಿ, “ಈಗ ಆಗುವುದಿಲ್ಲವಂತೆ, ಅನಂತರ ಅವಕಾಶ ಇದೆಯಂತೆ” ಎಂದು ಅರ್ಥ ಹೇಳಿದ್ದ. ಮೊಮ್ಮಗನ ಮಾತನ್ನು ನಂಬಿ ಅಜ್ಜಿ ಆರು ವಾರ ಸುಮ್ಮನೆ ಕುಳಿತಿದ್ದರು.

ಮಲಯಾಳದಲ್ಲಿ ಅವಕಾಶವೆಂದರೆ ಹಕ್ಕು, ಅವಕಾಶಿಯೆಂದರೆ ಹಕ್ಕುದಾರ, ಅನಂತರಾವಕಾಶಿಯೆಂದರೆ ವಾರಸುದಾರ. ಕಚೇರಿಯವರು ಕೇಳಿದ್ದು ವಾರಸುದಾರರ ದೃಢಪತ್ರವನ್ನು. ಹುಡುಗನ ತಪ್ಪನ್ನು ದಡ್ಡತನವೆನ್ನಲು ನನಗೆ ಮನಸ್ಸು ಬರಲಿಲ್ಲ. ಕನ್ನಡ ಪಂಡಿತರು ಕಲಿಸಿದಂತೆ ಅವನು ಸವರ್ಣದೀರ್ಘ ಸಂಧಿಯನ್ನು ಬಿಡಿಸಿದ್ದ, ಸರಿಯಾಗಿಯೇ ಬಿಡಿಸಿದ್ದ. ಅವನು ಬಿಟ್ಟದ್ದು ಒಂದೇ ಹೆಜ್ಜೆ: ತಾನು ತಿಳಿದುಕೊಂಡದ್ದು ಸರಿಯೇ ಎಂದು ಯಾರನ್ನೂ ಕೇಳಿರಲಿಲ್ಲ. ಮುಂದೆ ಒಂದು ವರ್ಷ ಆ ತರಗತಿಯಲ್ಲಿ ನಡೆದ ಕೆಲಸವೆಲ್ಲ ಆ ಬಿಟ್ಟುಹೋದ ಹೆಜ್ಜೆಯಿಂದ ಆರಂಭವಾಯಿತು. ಅದರ ವಿವರವನ್ನು, ಎಡವಿದ ಜಾಗಗಳನ್ನೂ ಸೇರಿಸಿ, ಇಲ್ಲಿ ದಾಖಲಿಸಿದ್ದೇನೆ. ಶಾಲೆಯ ಮತ್ತು ಮಕ್ಕಳ ಹೆಸರುಗಳನ್ನು ಬೇಕೆಂದೇ ಬಿಟ್ಟಿದ್ದೇನೆ.

ಊರು ಮತ್ತು ತರಗತಿ

ಕೇರಳದ ಕಾಸರಗೋಡು ಜಿಲ್ಲೆಯ ಮಂಜೇಶ್ವರ ತಾಲೂಕಿನ ಪೂರ್ವ ಭಾಗದ, ಗುಡ್ಡ ಮತ್ತು ಅಡಿಕೆ ತೋಟಗಳ ನಡುವಿನ ಕನ್ನಡ ಮಾಧ್ಯಮ ಪ್ರೌಢಶಾಲೆಯಲ್ಲಿ ನಾನು ಸಮಾಜ ವಿಜ್ಞಾನ ಕಲಿಸುತ್ತೇನೆ. ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದ ಕಾಸರಗೋಡು ತಾಲೂಕು 1956ರ ನವೆಂಬರ್ 1ರಂದು ಕೇರಳಕ್ಕೆ ಹೋಯಿತು. 1984ರ ಮೇ 24ರಂದು ಪ್ರತ್ಯೇಕ ಜಿಲ್ಲೆಯಾಯಿತು. 1969ರ ಕೇರಳ ಅಧಿಕೃತ ಭಾಷಾ ಕಾಯಿದೆಯ ಪ್ರಕಾರ, ಭಾಷಾ ಅಲ್ಪಸಂಖ್ಯಾತ ಪ್ರದೇಶವೆಂದು ಘೋಷಿತವಾದ ಕಡೆ ಕನ್ನಡಿಗರು ಸರಕಾರಿ ಕಚೇರಿಗಳಿಗೆ ಕನ್ನಡದಲ್ಲಿಯೇ ಬರೆಯಬಹುದು, ಉತ್ತರವೂ ಕನ್ನಡದಲ್ಲಿ ಬರಬೇಕು. ಕಾಯಿದೆಯ ಪುಟಕ್ಕೂ ಕಚೇರಿಯ ಕಿಟಕಿಗೂ ನಡುವೆ ಎಷ್ಟು ದೂರವಿದೆಯೆಂಬುದು ಇಲ್ಲಿನ ಎಲ್ಲರಿಗೂ ಗೊತ್ತಿರುವುದರಿಂದ ಅದನ್ನು ಬೆಳೆಸುವುದಿಲ್ಲ. 2017ರಲ್ಲಿ ಶಾಲೆಗಳಲ್ಲಿ ಮಲಯಾಳವನ್ನು ಕಡ್ಡಾಯಗೊಳಿಸುವ ಕಾಯಿದೆ ಬಂದಾಗ ಇಲ್ಲಿ ಪ್ರತಿಭಟನೆ ನಡೆಯಿತು. ಅದರಲ್ಲಿ ನಾನೂ ಇದ್ದೆ. ಆ ನಿಲುವಿಗೂ ಮಕ್ಕಳಿಗೆ ಮಲಯಾಳದ ಚೀಟಿಯನ್ನು ಓದಲು ಕಲಿಸುವುದಕ್ಕೂ ವಿರೋಧವಿದೆಯೆಂದು ನನಗೆ ಆಗಲೂ ಅನಿಸಿರಲಿಲ್ಲ, ಈಗಲೂ ಅನಿಸುವುದಿಲ್ಲ.

ತರಗತಿಯಲ್ಲಿ 31 ಮಕ್ಕಳಿದ್ದರು. ಮನೆಮಾತು ತುಳುವಾದವರೇ ಹೆಚ್ಚು. ಉಳಿದವರದ್ದು ಹವ್ಯಕ ಕನ್ನಡ, ಮಲಯಾಳಕ್ಕೆ ಹತ್ತಿರದ ಬ್ಯಾರಿ, ಮರಾಟಿ, ಕೊಂಕಣಿ. ಕಾಸರಗೋಡನ್ನು ಸಪ್ತಭಾಷಾ ಸಂಗಮಭೂಮಿಯೆಂದು ಭಾಷಣಗಳಲ್ಲಿ ಹೊಗಳುವ ನಾವು, ಸಿಬ್ಬಂದಿ ಕೊಠಡಿಗೆ ಬಂದ ಕೂಡಲೇ ಇದೇ ಸಂಗತಿಯನ್ನು ಕೊರತೆಯ ಪಟ್ಟಿಗೆ ಸೇರಿಸುತ್ತೇವೆ: ಕನ್ನಡದಲ್ಲಿ ತುಳು ಬೆರೆಯುತ್ತದೆ, ಮಲಯಾಳ ಆಡಲು ಬರುತ್ತದೆ ಓದಲು ಬಾರದು, ಇಂಗ್ಲಿಷ್ ಅಷ್ಟಕ್ಕಷ್ಟೆ. ಹೀಗೆ ಪಟ್ಟಿ ಮಾಡಿದವರಲ್ಲಿ ನಾನೂ ಒಬ್ಬ.

ಈ ಮಕ್ಕಳ ಅಜ್ಜಂದಿರ ಕಾಲದಲ್ಲಿ ದುಡಿಮೆಯ ದಾರಿಗಳು ಕೆಲವೇ ಇದ್ದವು: ಅಡಿಕೆ ತೋಟ, ಬೀಡಿ, ಮುಂಬಯಿಯ ಹೋಟೆಲು, ಆಮೇಲೆ ಕೊಲ್ಲಿಯ ವೀಸಾ. ಒಂದು ದಾರಿ ಹಿಡಿದರೆ ಆಯುಷ್ಯ ಅದರಲ್ಲಿಯೇ ಕಳೆಯುತ್ತಿತ್ತು. ಈಗಿನ ಮಕ್ಕಳಿಗೆ ಆ ಭರವಸೆಯಿಲ್ಲ. ವಿಶ್ವ ಆರ್ಥಿಕ ವೇದಿಕೆ 2025ರಲ್ಲಿ ಪ್ರಕಟಿಸಿದ ಉದ್ಯೋಗ ಭವಿಷ್ಯದ ವರದಿಯ ಪ್ರಕಾರ, ಕೆಲಸಗಾರರ ಮುಖ್ಯ ಕೌಶಲಗಳಲ್ಲಿ ಶೇ. 39ರಷ್ಟು 2030ರೊಳಗೆ ಬದಲಾಗುತ್ತವೆಯೆಂದು ಉದ್ಯೋಗದಾತರು ಎಣಿಸಿದ್ದಾರೆ. ಅವರು ಎಲ್ಲಕ್ಕಿಂತ ಮೇಲಿಟ್ಟ ಕೌಶಲ ವಿಶ್ಲೇಷಣಾತ್ಮಕ ಚಿಂತನೆ. ಸಾವಿರಕ್ಕೂ ಹೆಚ್ಚು ಕಂಪೆನಿಗಳನ್ನು ಕೇಳಿ ಮಾಡಿದ ಈ ಲೆಕ್ಕ ನಮ್ಮ ತೋಟದ ಕೆಲಸದವರನ್ನು ಕೇಳಿ ಮಾಡಿದ್ದಲ್ಲ ಎಂಬುದು ನಿಜ. ಆದರೆ ಒಂದು ಕಸುಬಿಗಾಗಿ ಕಲಿತದ್ದನ್ನು ಇನ್ನೊಂದಕ್ಕೆ ಒಯ್ಯಲು ಬಾರದವನು ಮುಂದೆ ಕಷ್ಟಪಡುತ್ತಾನೆಂಬುದನ್ನು ತಿಳಿಯಲು, ಬೀಡಿಯ ಕೆಲಸ ನಿಂತುಹೋದ ಮನೆಗಳನ್ನು ಕಂಡ ನಮಗೆ, ದೊಡ್ಡ ವರದಿ ಬೇಕಾಗಿಲ್ಲ.

ಹಿಂದಿನ ವರ್ಷ ನಾವು ಇದಕ್ಕಾಗಿ ಒಂದು ದಿನದ ಕಾರ್ಯಕ್ರಮ ಮಾಡಿದ್ದೆವು. ವಿಶ್ವ ಆರೋಗ್ಯ ಸಂಸ್ಥೆಯ ಹತ್ತು ಜೀವನ ಕೌಶಲಗಳನ್ನು ಬಣ್ಣದ ಕಾಗದದಲ್ಲಿ ಬರೆದು ಗೋಡೆಗೆ ಅಂಟಿಸಿದೆವು, ಹೊರಗಿನಿಂದ ಒಬ್ಬರನ್ನು ಕರೆದು ಮಾತನಾಡಿಸಿದೆವು, ಚಹಾ ಕುಡಿದೆವು. ಒಂದು ವಾರದ ಮೇಲೆ ಸಂವಹನ ಕೌಶಲವೆಂದರೇನೆಂದು ಕೇಳಿದಾಗ ಅರ್ಧಕ್ಕಿಂತ ಹೆಚ್ಚು ಮಕ್ಕಳು ‘ಇಂಗ್ಲಿಷ್ ಮಾತನಾಡುವುದು’ ಎಂದು ಬರೆದರು. ಮಳೆಗಾಲದ ತೇವಕ್ಕೆ ಕಾಗದಗಳು ಒಂದೊಂದಾಗಿ ಗೋಡೆಯಿಂದ ಕಳಚಿದವು.

ಚೀಟಿ ಮೇಜು

ವಾರಸುದಾರಿಕೆಯ ಚೀಟಿಯನ್ನು ಮರುದಿನ ತರಗತಿಯಲ್ಲಿ, ಹುಡುಗನ ಒಪ್ಪಿಗೆ ಪಡೆದು, ಹಲಗೆಯ ಮೇಲೆ ಬರೆದೆ. ನಗು ಬರುತ್ತದೆಂದು ಕಾದಿದ್ದೆ, ಬರಲಿಲ್ಲ. ಅದರ ಬದಲು ಒಬ್ಬೊಬ್ಬರಾಗಿ ತಮ್ಮ ಮನೆಯ ಸಂಗತಿ ಹೇಳತೊಡಗಿದರು. ಸರಕಾರಿ ಸೇವೆಗಳ ಅಕ್ಷಯ ಕೇಂದ್ರಕ್ಕೆ ಅಜ್ಜಿಯೊಂದಿಗೆ ಪಿಂಚಣಿಯ ಮಸ್ಟರಿಂಗಿಗೆ, ಎಂದರೆ ಪಿಂಚಣಿದಾರರು ಬದುಕಿದ್ದಾರೆಂಬ ದೃಢೀಕರಣಕ್ಕೆ, ಹೋದವರು, ಪಡಿತರ ಚೀಟಿಯ ಹಳದಿ, ಗುಲಾಬಿ, ನೀಲಿ, ಬಿಳಿ ಬಣ್ಣಗಳ ವ್ಯತ್ಯಾಸವನ್ನು ಅಮ್ಮನಿಗೆ ಬಿಡಿಸಿ ಹೇಳಿದವರು, ಮಂಗಳೂರಿನ ಆಸ್ಪತ್ರೆಯಲ್ಲಿ ವೈದ್ಯರ ಕನ್ನಡವನ್ನು ಅಪ್ಪನಿಗೆ ಬ್ಯಾರಿಯಲ್ಲಿ ದಾಟಿಸಿದವರು. 31ರಲ್ಲಿ 19 ಮಂದಿ ಇಂಥ ಕೆಲಸವನ್ನು ಒಮ್ಮೆಯಾದರೂ ಮಾಡಿದ್ದರು. ಅದು ಒಂದು ವಿದ್ಯೆಯೆಂದು ಅವರಿಗೂ ಅನಿಸಿರಲಿಲ್ಲ, ನಮಗೂ ಅನಿಸಿರಲಿಲ್ಲ.

ಹಾಗೆ ಆಗಸ್ಟಿನಲ್ಲಿ, ಶಾಲೆಯ ಜಗಲಿಯ ತುದಿಯಲ್ಲಿ ಒಂದು ಹಳೆಯ ಮೇಜು ಮತ್ತು ಎರಡು ಬೆಂಚುಗಳನ್ನು ಇಟ್ಟು, ಹೆತ್ತವರು ಮತ್ತು ನೆರೆಹೊರೆಯವರು ತಮಗೆ ಅರ್ಥವಾಗದ ಕಾಗದಗಳನ್ನು ತಂದು ಓದಿಸಿಕೊಳ್ಳುವ ಏರ್ಪಾಡನ್ನು ಆರಂಭಿಸಿದೆವು. ಮಕ್ಕಳು ಅದನ್ನು ಚೀಟಿ ಮೇಜು ಎಂದು ಕರೆದರು. ಮೊದಲು ಶುಕ್ರವಾರದ ಉದ್ದನೆಯ ಮಧ್ಯಾಹ್ನದ ಬಿಡುವನ್ನು ಗೊತ್ತುಮಾಡಿದ್ದೆ; ಜುಮಾ ನಮಾಜಿಗಾಗಿಯೇ ಆ ಬಿಡುವು ಉದ್ದವಾಗಿರುವುದೆಂಬುದು ಯೋಜನೆ ಹಾಕುವಾಗ ನನ್ನ ತಲೆಗೆ ಹೊಳೆಯಲಿಲ್ಲ. ಮಲಯಾಳವನ್ನು ಎಲ್ಲರಿಗಿಂತ ಚೆನ್ನಾಗಿ ಓದುವ ಹುಡುಗರು ಸರಿಯಾಗಿ ಅದೇ ಹೊತ್ತಿಗೆ ಇರುತ್ತಿರಲಿಲ್ಲ. ಎರಡು ವಾರದ ಪೇಚಾಟದ ಬಳಿಕ ಬುಧವಾರ ಸಂಜೆ ನಾಲ್ಕಕ್ಕೆ ಬದಲಾಯಿಸಿದೆವು.

ಒಂದು ಸರದಿಗೆ ನಾಲ್ಕು ಮಕ್ಕಳು. ಬಂದವರನ್ನು ಕುಳ್ಳಿರಿಸಿ, ಕಾಗದ ಎಲ್ಲಿಂದ ಬಂತು, ಯಾವ ಕೆಲಸಕ್ಕಾಗಿ ಎಂದು ಕೇಳುವವನೊಬ್ಬ, ಓದುವವನೊಬ್ಬ, ಸರಳ ಕನ್ನಡದಲ್ಲಿ ಮೂರು ಸಾಲು ಮೀರದಂತೆ ಬರೆದುಕೊಡುವವನೊಬ್ಬ. ನಾಲ್ಕನೆಯವನ ಕೆಲಸ ವಿಚಿತ್ರವಾಗಿ ಕಾಣಬಹುದು: ಬಂದವರಿಂದ, ಅವರ ಮಾತಿನಲ್ಲಿಯೇ, ತಿರುಗಿ ಹೇಳಿಸಿಕೊಳ್ಳುವುದು. “ಈಗ ನೀವು ಎಲ್ಲಿಗೆ ಹೋಗಿ ಏನು ಕೇಳುತ್ತೀರಿ?” ಎಂಬ ಪ್ರಶ್ನೆಗೆ ಅಜ್ಜಿ ಕೊಡುವ ಉತ್ತರ ತಪ್ಪಿದ್ದರೆ, ತಪ್ಪು ಅಜ್ಜಿಯದಲ್ಲ, ಮೇಜಿನದು, ಮೊದಲಿನಿಂದ ಹೇಳಬೇಕು. ಆರು ವಾರ ಕಳೆದುಕೊಂಡ ಹುಡುಗನಿಗೆ ಮೊದಲ ತಿಂಗಳು ಇದೇ ಕೆಲಸವನ್ನು ಕೊಟ್ಟಿದ್ದೆ. ಶಿಕ್ಷೆಯೆಂದು ಅವನು ಭಾವಿಸಬಹುದೆಂಬ ಅಳುಕು ನನಗಿತ್ತು. ಅವನಾಗಿಯೇ ಎರಡನೆಯ ತಿಂಗಳೂ ಅದನ್ನು ಬಿಟ್ಟುಕೊಡಲಿಲ್ಲ.

ಮೇಜಿನ ಮೇಲೆ ಒಂದು ಉದ್ದನೆಯ ನೋಟ್‌ಬುಕ್ಕೂ ಇತ್ತು. ಎರಡು ಭಾಷೆಗಳಲ್ಲಿ ಒಂದೇ ರೂಪದಲ್ಲಿದ್ದು ಅರ್ಥ ಬೇರೆಯಾಗುವ ಮಾತುಗಳು ಅದರಲ್ಲಿ ಸೇರುತ್ತ ಹೋದವು. ಮಲಯಾಳದ ಅಪೇಕ್ಷ ನಮ್ಮ ಅರ್ಜಿ. ನಮ್ಮ ಅಪೇಕ್ಷೆ ಬಯಕೆ. ಅವರ ಅನುವಾದ ಅನುಮತಿ, ನಮ್ಮದು ಭಾಷಾಂತರ. ಅವರ ರಾಜಿ ಕೆಲಸಕ್ಕೆ ಕೊಡುವ ರಾಜೀನಾಮೆ; ನಮ್ಮ ರಾಜಿ ಜಗಳಕ್ಕೆ ಹಾಕುವ ಮುಕ್ತಾಯ. ವಿವರಾವಕಾಶ ನಿಯಮವೆಂದರೆ ಮಾಹಿತಿ ಹಕ್ಕು ಕಾಯಿದೆ. ಕಲೋತ್ಸವದ ಪಟ್ಟಿಯಲ್ಲಿ ಪ್ರಸಂಗವೆಂದಿದ್ದರೆ ಭಾಷಣ, ಉಪನ್ಯಾಸವೆಂದಿದ್ದರೆ ಪ್ರಬಂಧ. ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆಗೆ ಹತ್ತಿರದಲ್ಲಿ ಹುಟ್ಟಿದ ಮಕ್ಕಳಿಗೆ ಪ್ರಸಂಗವೆಂದರೆ ಚೆಂಡೆ ಮದ್ದಳೆಗಳಿಲ್ಲದೆ ಕಣ್ಣಿಗೆ ಕಟ್ಟುವುದೇ ಇಲ್ಲ. ಈ ನೋಟ್‌ಬುಕ್ಕು ಮಕ್ಕಳಿಗೆ ಆಟವಾಯಿತು. ನನಗೆ ಮಾತ್ರ ಅದರಲ್ಲಿ ಬೇರೊಂದು ಬೆಳವಣಿಗೆ ಕಂಡಿತು: ಗೊತ್ತಿರುವ ಮಾತು ಕಂಡಾಗಲೂ ಒಂದು ಕ್ಷಣ ನಿಂತು ಅನುಮಾನಪಡುವ ಅಭ್ಯಾಸ. ವರದಿಗಳು ವಿಶ್ಲೇಷಣಾತ್ಮಕ ಚಿಂತನೆಯೆನ್ನುವುದರ ಮೊದಲ ಮೆಟ್ಟಿಲು ಇದೇ ಇರಬೇಕು.

ಅಕ್ಟೋಬರಿನ ಒಂದು ಬುಧವಾರ ನಡೆದುದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ವಿಧವಾ ಪಿಂಚಣಿ ಪಡೆಯುವ, ವಯಸ್ಸು ಅರುವತ್ತು ದಾಟದ ಮಹಿಳೆಯೊಬ್ಬರು ಕಾಗದವೊಂದನ್ನು ತಂದಿದ್ದರು. ಮರುವಿವಾಹವಾಗಿಲ್ಲವೆಂಬ ಸಾಕ್ಷ್ಯಪತ್ರವನ್ನು ಸಲ್ಲಿಸಬೇಕೆಂದು ಅದರಲ್ಲಿತ್ತು. ಸಾಕ್ಷ್ಯಪತ್ರವೆಂದರೆ ದೃಢಪತ್ರ ಮಾತ್ರ. ಆದರೆ ಕನ್ನಡದ ಕಿವಿಗೆ ಅದು ಸಾಕ್ಷಿ, ಕೋರ್ಟು, ಕಟಕಟೆ ಎಂದು ಕೇಳಿಸುತ್ತದೆ. ಅಂದು ಓದುವ ಸರದಿಯಲ್ಲಿದ್ದ ಹುಡುಗಿ ಕಾಗದದ ಮೇಲೆ ಕಣ್ಣಾಡಿಸಿ, ಬೆಂಚಿನಲ್ಲಿ ಕಾದಿದ್ದ ಉಳಿದ ನಾಲ್ಕೈದು ಮಂದಿಯನ್ನು ನೋಡಿ, ಗಟ್ಟಿಯಾಗಿ ಓದದೆ ಎದ್ದು ನಿಂತಳು. ಆ ಮಹಿಳೆಯನ್ನು ಜಗಲಿಯ ಆಚೆ ತುದಿಗೆ, ನೀರಿನ ನಳ್ಳಿಯ ಹತ್ತಿರಕ್ಕೆ ಕರೆದುಕೊಂಡು ಹೋಗಿ, ಪಿಂಚಣಿ ಮುಂದುವರಿಯಬೇಕಾದರೆ ಈ ವಯಸ್ಸಿನ ಎಲ್ಲರೂ ಕೊಡಬೇಕಾದ ಕಾಗದವಿದು, ನಿಮ್ಮ ಮೇಲೆ ಯಾರೂ ದೂರು ಕೊಟ್ಟಿಲ್ಲ ಎಂದು ತುಳುವಿನಲ್ಲಿ ಮೊದಲು ಹೇಳಿ, ಆಮೇಲೆ ವಿಷಯ ತಿಳಿಸಿದಳು. ಇದನ್ನು ನಾನು ಕಲಿಸಿರಲಿಲ್ಲ. ಸಮಾಜ ವಿಜ್ಞಾನದ ಪರೀಕ್ಷೆಯಲ್ಲಿ ಆ ಹುಡುಗಿಗೆ ಸಿ ಪ್ಲಸ್ ಬಂದಿತ್ತು, ಅದನ್ನು ಕೊಟ್ಟವನೂ ನಾನೇ.

ರಟ್ಟಿನ ತುಂಡು

ನವೆಂಬರಿನಲ್ಲಿ ಎಡವಟ್ಟಾಯಿತು. ಒಬ್ಬ ವೃದ್ಧರಿಗೆ ಸಹಾಯ ಮಾಡುವ ಉತ್ಸಾಹದಲ್ಲಿ ಒಬ್ಬ ಹುಡುಗ ಅವರ ಆಧಾರ್ ಸಂಖ್ಯೆಯನ್ನು ಮೇಜಿನ ನೋಟ್‌ಬುಕ್ಕಿನಲ್ಲಿ ಬರೆದುಕೊಂಡ. ಅವರ ಫೋನಿಗೆ ಬಂದ ಒಟಿಪಿಯನ್ನೂ ಅದರ ಪಕ್ಕದಲ್ಲಿ ಬರೆದ. ಕೆಟ್ಟ ಉದ್ದೇಶ ಯಾರಿಗೂ ಇರಲಿಲ್ಲ, ಹಣವೂ ಹೋಗಲಿಲ್ಲ. ಆದರೆ ನೋಟ್‌ಬುಕ್ಕು ತೆರೆದ ಜಗಲಿಯಲ್ಲಿ ರಾತ್ರಿಯಿಡೀ ಬಿದ್ದಿತ್ತು, ಮತ್ತು ಮರುದಿನ ಆ ವೃದ್ಧರ ಮಗನಿಗೆ ವಿಷಯ ತಿಳಿಯಿತು. ಪಿ.ಟಿ.ಎ. (ಶಿಕ್ಷಕ-ರಕ್ಷಕ ಸಂಘ) ಸಭೆಯಲ್ಲಿ ಅವರು ಆಡಿದ ಮಾತು ಕಟುವಾಗಿತ್ತು, ಸರಿಯೂ ಆಗಿತ್ತು. ಮಕ್ಕಳನ್ನು ಕಚೇರಿ ಕೆಲಸಕ್ಕೆ ಹಚ್ಚುವ ಮುನ್ನ ಯಾವುದನ್ನು ಮುಟ್ಟಬಾರದೆಂದು ಹೇಳಿಕೊಡಬೇಕಾದವನು ನಾನು, ಹೇಳಿಕೊಟ್ಟಿರಲಿಲ್ಲ. ಇನ್ನೊಬ್ಬ ಹೆತ್ತವರು ಇದೇ ಸಂದರ್ಭದಲ್ಲಿ, ಮಗಳಿಗೆ ಎಸ್ಸೆಸ್ಸೆಲ್ಸಿಯಲ್ಲಿ ಫುಲ್ ಎ ಪ್ಲಸ್ ಬರಬೇಕು, ಇಂಥದ್ದಕ್ಕೆಲ್ಲ ಸಮಯವಿಲ್ಲವೆಂದು ಅವಳನ್ನು ಬಿಡಿಸಿದರು. ಜೂನ್ ಬಂತೆಂದರೆ ಫುಲ್ ಎ ಪ್ಲಸ್ ಮಕ್ಕಳ ಫ್ಲೆಕ್ಸುಗಳು ರಸ್ತೆಯ ಎರಡೂ ಬದಿಗೆ ಏಳುವ ಊರಿನಲ್ಲಿ ಅವರನ್ನು ದೂರಿ ಪ್ರಯೋಜನವಿಲ್ಲ.

ಮೇಜನ್ನು ಎರಡು ವಾರ ಮುಚ್ಚಿದೆವು. ಆ ಎರಡು ವಾರಗಳ ಸಮಾಜ ವಿಜ್ಞಾನದ ಅವಧಿಗಳಲ್ಲಿ ಮಕ್ಕಳೇ ನಿಯಮಗಳನ್ನು ಬರೆದರು. ಅರ್ಜಿಯನ್ನು ತುಂಬಿಸುವುದಿಲ್ಲ, ಓದಿ ಹೇಳುವುದು ಮಾತ್ರ. ಫೋನನ್ನು ಕೈಗೆ ತೆಗೆದುಕೊಳ್ಳುವುದಿಲ್ಲ. ಮೇಜಿನಲ್ಲಿ ಕೇಳಿದ್ದನ್ನು ಬಸ್ಸಿನಲ್ಲಿ ಹೇಳುವುದಿಲ್ಲ. ಆಧಾರ್ ಸಂಖ್ಯೆ, ಬ್ಯಾಂಕ್ ಖಾತೆ ಇರುವ ಭಾಗವನ್ನು ಮುಚ್ಚಲು ಅಂಗೈಯಗಲದ ಒಂದು ರಟ್ಟಿನ ತುಂಡು ಮೇಜಿಗೆ ಬಂತು. ಕಾಗದವನ್ನು ಬಿಡಿಸಿದ ಕೂಡಲೇ, ಓದುವುದಕ್ಕೆ ಮೊದಲು, ಆ ರಟ್ಟನ್ನು ಸಂಖ್ಯೆಯ ಮೇಲೆ ಇಡಬೇಕು. ತಪ್ಪು ಮಾಡಿದ ಹುಡುಗನೇ ನೋಟ್‌ಬುಕ್ಕಿನ ರಟ್ಟಿನಿಂದ ಅದನ್ನು ಕತ್ತರಿಸಿದ್ದ. ವೃದ್ಧರ ಮಗ ಡಿಸೆಂಬರಿನಲ್ಲಿ ತಾವಾಗಿಯೇ ಭೂತೆರಿಗೆಯ ಒಂದು ಕಾಗದ ಹಿಡಿದು ಮೇಜಿಗೆ ಬಂದರು. ಬೇಕೆಂದೇ ಪರೀಕ್ಷಿಸಲು ಬಂದಿದ್ದರೆಂದು ನನ್ನ ಊಹೆ. ರಟ್ಟು ಬಿತ್ತು.

ಎರಡನೆಯ ಜಾಗ

ಇಷ್ಟರವರೆಗಿನದು ಒಳ್ಳೆಯ ಸೇವಾಕಾರ್ಯವೆನಿಸಬಹುದು. ನನ್ನ ಪ್ರಶ್ನೆ ಬೇರೆಯಿತ್ತು: ಚೀಟಿ ಮೇಜಿನಲ್ಲಿ ಕಲಿತದ್ದು ಚೀಟಿ ಮೇಜಿನಲ್ಲಿಯೇ ಉಳಿದರೆ ಅದನ್ನು ಮುಂದಿನ ಕಸುಬಿಗೆ ಒಯ್ಯಬಲ್ಲ ಕೌಶಲವೆಂದು ಕರೆಯಬಹುದೇ? ಇದನ್ನು ನೋಡಲು ಜನವರಿಯಲ್ಲಿ ಮೇಲ್ನೋಟಕ್ಕೆ ಸಂಬಂಧವಿಲ್ಲದ ಕೆಲಸವೊಂದನ್ನು ಕೊಟ್ಟೆ. ಅಡಿಕೆಯ ಕೊಳೆರೋಗಕ್ಕೆ ಬಿಡುವ ಬೋರ್ಡೋ ಮದ್ದಿನ ಬಗ್ಗೆ ಇಂಗ್ಲಿಷಿನಲ್ಲಿದ್ದ ಒಂದು ಕರಪತ್ರವನ್ನೂ ಒಂದು ಶಿಲೀಂಧ್ರನಾಶಕದ ಡಬ್ಬಿಯ ಚೀಟಿಯನ್ನೂ ಕೊಟ್ಟು, ಬರುವ ಮಳೆಗಾಲದಲ್ಲಿ ತೋಟದ ಕೆಲಸದವರಿಗೆ ಉಪಯೋಗವಾಗುವಂತೆ ಒಂದು ಪುಟ ತಯಾರಿಸಲು ಹೇಳಿದೆ. ಎಂಡೋಸಲ್ಫಾನ್ ಕೀಟನಾಶಕದ ಸಂಕಟವನ್ನು ಕಂಡ ಸೀಮೆಯಲ್ಲಿ ಮದ್ದಿನ ಡಬ್ಬಿಯ ಮೇಲಿನ ಬರಹವನ್ನು ಓದಲು ಬರುವುದು ಸಣ್ಣ ವಿಷಯವಲ್ಲವೆಂದು ಬೇರೆಯಾಗಿ ಹೇಳಬೇಕಾಗಿರಲಿಲ್ಲ.

ಮೊದಲ ವಾರ ಬಂದ ಪುಟಗಳನ್ನು ನೋಡಿ ನಾನು ಪೆಚ್ಚಾದೆ. ಐದು ತಿಂಗಳು ಮೇಜಿನಲ್ಲಿ ಅಷ್ಟು ಜಾಣ್ಮೆಯಿಂದ ಕೆಲಸ ಮಾಡಿದ ಮಕ್ಕಳು ಕರಪತ್ರವನ್ನು ಸಾಲಿಗೆ ಸಾಲು ಕನ್ನಡಕ್ಕೆ ಇಳಿಸಿ, ಅಂಚಿಗೆ ಹೂಬಳ್ಳಿ ಬರೆದು ತಂದಿದ್ದರು. ‘ಶೇ. 1ರ ದ್ರಾವಣವನ್ನು ಸಿದ್ಧಪಡಿಸತಕ್ಕದ್ದು’ ಎಂದು ಒಂದು ಪುಟ ಆರಂಭವಾಗಿತ್ತು. ಯಾರೂ ಯಾರನ್ನೂ ಏನೂ ಕೇಳಿರಲಿಲ್ಲ. ನಾನು ತಿದ್ದಲು ಹೋಗದೆ, “ಬುಧವಾರ ಮೇಜಿಗೆ ಒಬ್ಬರು ಬಂದ ಕೂಡಲೇ ನೀವು ಮೊದಲು ಏನು ಮಾಡುತ್ತೀರಿ?” ಎಂದು ಮಾತ್ರ ಕೇಳಿದೆ. ಸ್ವಲ್ಪ ಹೊತ್ತು ಮೌನ. ಆಮೇಲೆ ನಳ್ಳಿಯ ಬಳಿಗೆ ಕರೆದೊಯ್ದಿದ್ದ ಅದೇ ಹುಡುಗಿ, “ಯಾರಿಗೆ, ಯಾಕೆ ಅಂತ ಕೇಳುತ್ತೇವೆ” ಎಂದಳು. ಹಿಂದಿನ ಬೆಂಚಿನಿಂದ ಇನ್ನೊಬ್ಬ, “ಓ, ಇದೂ ಚೀಟಿಯೇ ಅಲ್ಲವಾ ಸಾರ್” ಎಂದ.

ಮುಂದಿನ ಶನಿವಾರ ಆರು ಮಕ್ಕಳು ಊರಿನಲ್ಲಿ ಮರ ಹತ್ತಿ ಮದ್ದು ಬಿಡುವ ಹಿರಿಯರೊಬ್ಬರ ಅಂಗಳದಲ್ಲಿ ಕುಳಿತರು. ಅವರಿಗೆ ಓದಲು ಬಾರದು. ಶೇಕಡಾ ಲೆಕ್ಕ ಬೇಡ, ಡ್ರಮ್ಮಿನ ಲೆಕ್ಕ ಬೇಕು. ನೂರು ಲೀಟರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಅರ್ಧರ್ಧ ನೀರಿನಲ್ಲಿ ಬೇರೆ ಬೇರೆ ಕರಗಿಸಿ, ತುತ್ತಿನ ನೀರನ್ನು ಸುಣ್ಣದ ನೀರಿಗೆ ಹೊಯ್ಯುತ್ತ ಕಲಕಬೇಕು. ಲೋಹದ ಪಾತ್ರೆ ಆಗದು. ಕರಪತ್ರದಲ್ಲಿ ಒಂದೇ ಸಾಲಿನಲ್ಲಿ ಮುಗಿದಿದ್ದ ಪರೀಕ್ಷೆಯನ್ನು ಅವರು ಮಾಡಿ ತೋರಿಸಿದರು: ಉಜ್ಜಿ ಬೆಳ್ಳಗೆ ಮಾಡಿದ ಕತ್ತಿಯ ಅಲಗನ್ನು ಮದ್ದಿನಲ್ಲಿ ಅದ್ದಿ ತೆಗೆದಾಗ ಅಲಗಿನ ಮೇಲೆ ಕೆಂಪು ಕೂತರೆ ತುತ್ತು ಉಳಿದಿದೆ, ಇನ್ನಷ್ಟು ಸುಣ್ಣ ಬೇಕು. ಸುಣ್ಣ ಹಳತಾಗಿದ್ದರೆ ಒಂದಕ್ಕೊಂದು ಎಂಬ ಲೆಕ್ಕ ಸಾಲದೆಂಬುದನ್ನೂ ಅವರೇ ಹೇಳಿದರು. ಎರಡನೆಯ ಪುಟದಲ್ಲಿ ಅಕ್ಷರ ಕಡಿಮೆಯಾಗಿ ಚಿತ್ರ ಹೆಚ್ಚಿತು. ಡಬ್ಬಿಯ ಮೇಲಿನ ಕೆಂಪು, ಹಳದಿ, ನೀಲಿ, ಹಸಿರು ತ್ರಿಕೋನಗಳ ಪೈಕಿ ಕೆಂಪು ಅತ್ಯಂತ ವಿಷದ್ದು ಎಂಬುದು ಮೇಲ್ಭಾಗಕ್ಕೆ ಬಂತು. ಪುಟವನ್ನು ಒಯ್ದು ಆ ಹಿರಿಯರಿಂದ ತಿರುಗಿ ಹೇಳಿಸಿಕೊಂಡರು. ಎರಡು ಕಡೆ ಅವರು ಬೇರೆ ಅರ್ಥ ಮಾಡಿಕೊಂಡರು. ಮಕ್ಕಳು ಪುಟವನ್ನು ಮತ್ತೆ ಬದಲಾಯಿಸಿದರು.

ಕಲಿತದ್ದು ತಾನಾಗಿ ಒಂದೆಡೆಯಿಂದ ಇನ್ನೊಂದೆಡೆಗೆ ಹರಿಯುವುದಿಲ್ಲವೆಂಬುದು ಹೊಸ ಸಂಗತಿಯಲ್ಲ. 1901ರಲ್ಲಿಯೇ ಮನೋವಿಜ್ಞಾನಿಗಳಾದ ಥಾರ್ನ್‌ಡೈಕ್ ಮತ್ತು ವುಡ್‌ವರ್ತ್, ಒಂದು ಕೆಲಸದಲ್ಲಿ ಪಡೆದ ಪರಿಣತಿ ಇನ್ನೊಂದರಲ್ಲಿ ನೆರವಾಗುವುದು ಎರಡರಲ್ಲಿಯೂ ಸಮಾನ ಅಂಶಗಳಿದ್ದಷ್ಟು ಮಟ್ಟಿಗೆ ಮಾತ್ರವೆಂದು ತೋರಿಸಿದ್ದರು. 1980ರಲ್ಲಿ ಗಿಕ್ ಮತ್ತು ಹೋಲಿಯೋಕ್ ನಡೆಸಿದ ಪ್ರಯೋಗದಲ್ಲಿ, ಸೈನ್ಯವನ್ನು ಚದುರಿಸಿ ಹಲವು ದಾರಿಗಳಿಂದ ಕೋಟೆಗೆ ನುಗ್ಗಿಸಿದ ಕತೆಯನ್ನು ಓದಿದವರಿಗೆ, ಗೆಡ್ಡೆಯೊಂದನ್ನು ಕಿರಣಗಳಿಂದ ನಾಶಮಾಡುವ ವೈದ್ಯಕೀಯ ಸಮಸ್ಯೆಯನ್ನು ಕೊಡಲಾಯಿತು. ಉಪಾಯ ಒಂದೇ ಆಗಿದ್ದರೂ ಹೆಚ್ಚಿನವರಿಗೆ ಅದು ಹೊಳೆಯಲಿಲ್ಲ. ಕತೆಯನ್ನು ನೆನಪಿಸಿಕೊಳ್ಳಿರೆಂಬ ಸುಳಿವು ಸಿಕ್ಕಿದ ಮೇಲೆ ಬಹುಪಾಲು ಮಂದಿ ಬಿಡಿಸಿದರು. 1983ರ ಮುಂದಿನ ಅಧ್ಯಯನದಲ್ಲಿ, ಎರಡು ಕತೆಗಳನ್ನು ಹೋಲಿಸಿ ನೋಡಿದವರಿಗೆ ಉಪಾಯದ ತಿರುಳು ಹೆಚ್ಚು ಚೆನ್ನಾಗಿ ದಕ್ಕುವುದು ಕಂಡುಬಂತು. ಇವನ್ನು ನಾನು ಬಿ.ಎಡ್. ಕಾಲದಲ್ಲಿ ಪರೀಕ್ಷೆಗಾಗಿ ಓದಿ ಮರೆತಿದ್ದೆ. ಹಿಂದಿನ ಬೆಂಚಿನ ಹುಡುಗ ‘ಇದೂ ಚೀಟಿಯೇ’ ಎಂದಾಗ ನೆನಪಾಯಿತು. ನಾನು ಓದಿದ್ದೂ ಹೊಸ ಜಾಗಕ್ಕೆ ತಾನಾಗಿ ಬಂದಿರಲಿಲ್ಲ ಎಂದಾಯಿತು.

ಆದ್ದರಿಂದ ಫೆಬ್ರವರಿಯಲ್ಲಿ ಪ್ರತಿ ಮಗುವೂ ಒಂದು ಹಾಳೆಯಲ್ಲಿ ಮೂರು ವಾಕ್ಯ ಬರೆಯುವಂತೆ ಮಾಡಿದೆ: ಮೇಜಿನಲ್ಲಿ ನಾನು ಮಾಡಿದ್ದೇನು, ಮದ್ದಿನ ಪುಟದಲ್ಲಿ ಅದನ್ನೇ ಎಲ್ಲಿ ಮಾಡಿದೆ, ಇನ್ನೆಲ್ಲಿ ಮಾಡಬಹುದು. ಮೂರನೆಯ ವಾಕ್ಯ ಬಹಳ ಮಂದಿಗೆ ಕಷ್ಟವಾಯಿತು. ಕೆಲವರದ್ದು ಚೆನ್ನಾಗಿತ್ತು. ಆಸ್ಪತ್ರೆಯ ಸ್ವಾಗತದ ಮೇಜು, ಬಸ್ ಟಿಕೆಟಿನ ತಕರಾರು, ಗಣಿತದ ವಾಕ್ಯರೂಪದ ಲೆಕ್ಕ ಎಂದು ಬರೆದವರಿದ್ದರು. ಕೇರಳ ಲೋಕಸೇವಾ ಆಯೋಗ ಕನ್ನಡ ಮತ್ತು ಮಲಯಾಳ ಬಲ್ಲವರಿಗಾಗಿ ಕರೆಯುವ ಗುಮಾಸ್ತ ಹುದ್ದೆಯನ್ನು ನೆನಪಿಸಿಕೊಂಡವಳು ಒಬ್ಬಳೇ.

ಲೆಕ್ಕಕ್ಕೆ ಸಿಕ್ಕಿದ್ದು, ಸಿಗದಿದ್ದು

ವಾರ್ಷಿಕ ಪರೀಕ್ಷೆಯ ಅಂಕಗಳಲ್ಲಿ ಇದರಿಂದ ಏರಿಕೆ ಕಂಡಿತೆಂದು ಹೇಳಲಾರೆ. ಸಿ.ಇ. (ನಿರಂತರ ಮೌಲ್ಯಮಾಪನ) ಅಂಕಗಳಲ್ಲಿ ಮೇಜಿನ ಕೆಲಸವನ್ನು ಸೇರಿಸಿಕೊಂಡೆ; ಅಲ್ಲಿ ಹೇಗಿದ್ದರೂ ಎಲ್ಲರಿಗೂ ಕೈಬಿಚ್ಚಿ ಕೊಡುವ ರೂಢಿಯಿರುವುದರಿಂದ ವ್ಯತ್ಯಾಸ ಎದ್ದು ಕಾಣಲಿಲ್ಲ. ನಾಲ್ವರು ಮಕ್ಕಳು ವರ್ಷವಿಡೀ ಬೆಂಚಿನಲ್ಲಿ ಕುಳಿತು ಎದ್ದುಹೋದರು, ಅವರನ್ನು ಒಳಗೆಳೆಯಲು ನನಗೆ ಆಗಲಿಲ್ಲ. ಅವರಲ್ಲಿ ಇಬ್ಬರು ಶಾಲೆಯ ಐ.ಟಿ. ಕ್ಲಬ್ಬಾದ ಲಿಟಲ್ ಕೈಟ್ಸ್ ಘಟಕದಲ್ಲಿ ಆನಿಮೇಶನ್ ಮಾಡುವುದರಲ್ಲಿ ಚುರುಕಾಗಿದ್ದರು. ಅವರಿಗೆ ಮನುಷ್ಯರ ಮೇಜಿಗಿಂತ ಕಂಪ್ಯೂಟರಿನ ಮೇಜು ಹಿಡಿಸಿತ್ತು. ಮೊದಲೇ ಅದನ್ನು ಗಮನಿಸಿ ಮದ್ದಿನ ಪುಟದ ಚಿತ್ರಗಳನ್ನು ಅವರಿಂದ ಮಾಡಿಸಬಹುದಿತ್ತು.

ಒಬ್ಬ ತಂದೆ ಎತ್ತಿದ ಆಕ್ಷೇಪ ತೂಕದ್ದಾಗಿತ್ತು. ಫೋನು ಕ್ಷಣದಲ್ಲಿ ಅನುವಾದ ಮಾಡುವಾಗ ಮಕ್ಕಳಿಗೆ ಇದನ್ನು ಕಲಿಸಿ ಏನು ಫಲವೆಂದು ಅವರು ಕೇಳಿದರು. ಗೂಗಲ್ ಅನುವಾದದಲ್ಲಿ ಕನ್ನಡ 2011ರಿಂದಲೂ ಮಲಯಾಳ 2014ರಿಂದಲೂ ಇವೆ. 2024ರಲ್ಲಿ ತುಳುವೂ ಬಂತು. ಮಕ್ಕಳು ಫೋನನ್ನು ಬಳಸಿಯೇ ನೋಡಿದರು, ಮೇಜಿನ ಚೀಟಿಗಳನ್ನಲ್ಲ, ತಾವೇ ಬರೆದ ಮಾದರಿ ಚೀಟಿಗಳನ್ನು. ಬಿಡಿ ಪದದ ಅರ್ಥ ಬೇಕಾದಾಗ ಅದು ನಮ್ಮ ನೋಟ್‌ಬುಕ್ಕಿಗಿಂತ ಎಷ್ಟೋ ವೇಗ. ಆದರೆ ಚೀಟಿ ತಂದವರು ಮಗನೊಂದಿಗಿದ್ದಾರೆಯೇ, ಪಡಿತರ ಚೀಟಿ ಬೇರೆಯಾಗಿದೆಯೇ, ಕೊನೆಯ ದಿನಾಂಕ ಕಳೆದಿದೆಯೇ ಎಂದು ಅದು ತಾನಾಗಿ ಕೇಳಲಿಲ್ಲ. ಕೇಳುವ ಯಂತ್ರವೂ ನಾಳೆ ಬರಬಹುದೆಂದು ಆ ತಂದೆ ಹೇಳಿದರು. ಬರಬಹುದು. ಆಗ ಅದರ ಉತ್ತರ ಸರಿಯೇ ಎಂದು ಅನುಮಾನಪಟ್ಟು ನೋಡಲು ಯಾರಾದರೂ ಬೇಕೆಂದು ನಾನು ಹೇಳಿದೆ. ಅವರು ಪೂರ್ಣವಾಗಿ ಒಪ್ಪಿದರೆಂದು ಅನಿಸಲಿಲ್ಲ.

ಆ ತಂಡದ ಮಕ್ಕಳು 2025ರ ಮಾರ್ಚ್‌ನಲ್ಲಿ ಎಸ್ಸೆಸ್ಸೆಲ್ಸಿ ಬರೆದರು. ಪ್ಲಸ್ ಟು, ಐ.ಟಿ.ಐ., ಪಾಲಿಟೆಕ್ನಿಕ್ ಎಂದು ಚದುರಿಹೋಗಿದ್ದಾರೆ. ಅವರ ಕೌಶಲ ನಿಜವಾಗಿ ಎಷ್ಟು ದೂರ ಹೋಯಿತೆಂದು ಹೇಳಲು ಇನ್ನೂ ಕೆಲವು ವರ್ಷ ಬೇಕು. ಅಜ್ಜಿಗೆ ವಾರಸುದಾರರ ದೃಢಪತ್ರ ಸಿಕ್ಕಿತು. ಮೇಜು ಈಗಲೂ ಬುಧವಾರ ಸಂಜೆ ನಡೆಯುತ್ತಿದೆ, ಈಗಿನ ಒಂಬತ್ತನೆಯವರು ಅದನ್ನು ನೋಡಿಕೊಳ್ಳುತ್ತಾರೆ. ಹಳೆಯ ರಟ್ಟು ಮಳೆಗೆ ಹಾಳಾದುದರಿಂದ ಹಾಳೆತಟ್ಟೆಯ ತುಂಡೊಂದು ಅದರ ಜಾಗಕ್ಕೆ ಬಂದಿದೆ. ಮಸ್ಟರಿಂಗಿನ ದಿನಗಳಲ್ಲಿ ಬೆಂಚು ಸಾಲುವುದಿಲ್ಲ, ಬಾಕಿ ಸಮಯದಲ್ಲಿ ಕೆಲವೊಮ್ಮೆ ಯಾರೂ ಬರುವುದಿಲ್ಲ.

ನೋಟ್‌ಬುಕ್ಕಿನ ‘ಅವಕಾಶ’ದ ಪುಟದಲ್ಲಿ ಈ ಬಾರಿಯ ಮಗುವೊಂದು ಪೆನ್ಸಿಲಿನಲ್ಲಿ ಪ್ರಶ್ನೆ ಬರೆದಿತ್ತು: ಹಾಗಾದರೆ ನಮ್ಮ ಅವಕಾಶಕ್ಕೆ ಮಲಯಾಳದಲ್ಲಿ ಏನು ಹೇಳುತ್ತಾರೆ? ಕೆಳಗೆ ಬೇರೊಂದು ಕೈಬರಹದಲ್ಲಿ ಉತ್ತರವಿದೆ, ‘ಅವಸರ’. ಅದರ ಪಕ್ಕದಲ್ಲಿ ಮಲಯಾಳ ಪತ್ರಿಕೆಯಿಂದ ಕತ್ತರಿಸಿದ ಜಾಹೀರಾತಿನ ತಲೆಬರಹವನ್ನು ಅಂಟಿಸಿದ್ದಾರೆ, ‘ತೊಳಿಲವಸರ’, ಅದರ ಅಡಿಯಲ್ಲಿ ಕೆಂಪು ಶಾಯಿಯಲ್ಲಿ, “ಕೆಲಸಕ್ಕೆ ಗಡಿಬಿಡಿ ಅಂತ ಅಲ್ಲ, ಉದ್ಯೋಗಾವಕಾಶ. ಬ್ಯಾರಿ ಮಾತಾಡುವ ಇಬ್ಬರಲ್ಲಿ ಕೇಳಿ ನೋಡಿದ್ದೇವೆ” ಎಂದು ಬರೆದಿದೆ.